ಮನೆಮನೆ ತಟ್ಟುವ ಲೂಪು

ಸಮಸ್ತ ಮನುಕುಲಕ್ಕೆ ತಿಳಿಯಪಡಿಸುವುದೇನೆಂದರೆ, ಕರ್ನಲ್ಲಿನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗೆ, ತೂಕದ ಯಂತ್ರವನ್ನು ನಡೆಸುವ ಕೋಡಾದ ಡ್ರೈವರಿನ, ಒಂದೇ ಕೆಲಸ ಮತ್ತೆ ಮತ್ತೆ ಮಾಡುವ ಒಂದು ಮುದಿ ಲೂಪು ಇಂದು ನನ್ನಿಂದ ಸದ್ಗತಿ ಪಡೆಯಲಿದೆ— ಫ್ಯಾನು ಕಿರ್ ಎಂದಿತು, ಅದೇ ಮಂಗಳವಾದ್ಯ— ಎಂಥ ಲೂಪಪ್ಪಾ ಇದು, ಒಂದು ಯಂತ್ರ ಬೇಕೆಂದರೆ ಪಟ್ಟಿಯಲ್ಲಿರುವವರ ಬಾಗಿಲೆಲ್ಲ ತಟ್ಟುತ್ತದೆ, ನೀನಾ, ಅಲ್ವಾ, ಹಾಗಾದ್ರೆ ನೀನಾ, ನಮ್ಮತ್ತೆ ಕನ್ನಡಕ ಹುಡುಕುವ ಹಾಗೆ, ಸಕ್ಕರೆ ಡಬ್ಬಿಯಿಂದ ಶುರು, ತಲೆ ಮೇಲೇ ಇದೆಯಲ್ಲ ಅತ್ತೆ, ಇರೇ, ಅಲ್ಲಿಗೂ ಬರ್ತೀನಿ, ಒಂದು ಕಡೆಯಿಂದ ನೋಡ್ಕೊಂಡು ಬರ್ತಿದ್ದೀನಿ— ನಂಬರು ಕೊಟ್ಟರೆ ಯಂತ್ರವನ್ನು ಕರೆತಂದು ನಿಲ್ಲಿಸುವ ಸಿದ್ಧ ಫಂಕ್ಷನ್ ಕರ್ನಲ್ಲಿನಲ್ಲೇ ಇದೆ, ಬರೆದ ಪುಣ್ಯಾತ್ಮ ಅದನ್ನೇಕೆ ಕರೆಯಲಿಲ್ಲ, ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟನೋ, ಮುಟ್ಬೇಡ ಕಣಮ್ಮ, ಓಡ್ತಿರೋದನ್ನ ಓಡೋಕೆ ಬಿಡು, ಪಕ್ಕದ ಮೇಜಿನ ಗೊಣಗಣ್ಣ, ಓಡ್ತಿಲ್ಲ ಅಣ್ಣಾ, ತೆವಳ್ತಿದೆ— ಸಂಜೆಗೆ ಯಜಮಾನರು, ಈ ಭಾಗದ ಕೋಡಿಗೆಲ್ಲ ಹೂಂ, ಊಹೂಂ ಹೇಳುವವರು, ಈ ಸಲದ ಕೋಡಿಗೆ ಬಾಗಿಲು ಹಾಕುತ್ತಾರೆ, ಇವತ್ತೇ ಕೊನೇ ದಿನ, ಅಷ್ಟರೊಳಗೆ ಹೂಂ ಎಂದರೆ ಕರ್ನಲ್ಲಿನಲ್ಲಿ ಮೊಟ್ಟಮೊದಲ ಸಲ ನನ್ನ ಹೆಸರು, ಇಲ್ಲವೆಂದರೆ ತಿಂಗಳುಗಟ್ಟಲೆ ಗೊಣಗಣ್ಣನ ಕಿಸಕ್ಕು.

ಅಳಿಸಿದೆ. ಮೂವತ್ತು ಸಾಲು ಹೋಗಿ ಒಂದೇ ಸಾಲು, ನೆಂಟರು ಹೊರಟ ಮೇಲಿನ ಪಡಸಾಲೆ, ಯಂತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಕ್ಕಿತು, ನನ್ನ ಊಟದ ಡಬ್ಬಿ ಇಟ್ಟು ತೂಗಿದೆ, ಸ್ಟೇಪ್ಲರ್ ತೂಗಿದೆ, ಗೊಣಗಣ್ಣನ ಚಪ್ಪಲಿಯನ್ನೂ ತೂಗಿದೆ, ಕಳಿಸಿಯೂ ಬಿಟ್ಟೆ, ತಕ್ಷಣ ಯಜಮಾನರ ಉತ್ತರ, ಚೆನ್ನಾಗಿದೆಯಮ್ಮ, ವೈರು ಕಿತ್ತು ನೋಡಿದ್ಯಾ? ವೈರು ಯಾಕೆ ಕೀಳಬೇಕು, ಕಿತ್ತೆ, ಯಂತ್ರದ ದೀಪ ಆರಿತು, ಆದರೆ ಕರ್ನಲ್ಲಿನ ಒಳಗೆ ಅದರ ಜಾಗ ತೆರವಾಗುತ್ತಿಲ್ಲ, ಯಾಕೆ, ಯಾರೋ ಇನ್ನೂ ಹಿಡಿದುಕೊಂಡಿದ್ದಾರಂತೆ, ಯಾರು, ಫಂಕ್ಷನ್ನಿನ ತಲೆಯ ಮೇಲಿನ ಟಿಪ್ಪಣಿ ಈಗ ಓದುತ್ತಿದ್ದೇನೆ: ಇದು ಯಂತ್ರವನ್ನು ಕೈಹಿಡಿದು ಕರೆತರುತ್ತದೆ, ಕೆಲಸ ಮುಗಿದ ಮೇಲೆ ಕೈ ಬಿಡಿಸುವುದು ಕರೆದವರ ಜವಾಬ್ದಾರಿ— ಓಹೋ, ಮುದಿ ಲೂಪು ಇಣುಕಿ ನೋಡುತ್ತಿತ್ತು ಅಷ್ಟೇ, ಯಾರನ್ನೂ ಹಿಡಿಯುತ್ತಿರಲಿಲ್ಲ, ಹಾಗಾಗಿ ಬಿಡುವ ತಾಪತ್ರಯವೂ ಇಲ್ಲ, ಪುಣ್ಯಾತ್ಮ, ಗೊತ್ತಿದ್ದೇ ಬಿಟ್ಟಿದ್ದೀಯ— ಸರಿ, ಬಿಡಿಸೋಣ, ಡ್ರೈವರಿನಿಂದ ಹೊರಬೀಳುವ ದಾರಿ ಒಂದೇ ಎರಡೇ, ತೂಕ ಸರಿಯಾದರೆ ಇಲ್ಲಿ, ತಪ್ಪಾದರೆ ಅಲ್ಲಿ, ತಡವಾದರೆ ಇನ್ನೊಂದು ಕಡೆ, ಪ್ರತಿ ಬಾಗಿಲಲ್ಲೂ ಬಿಡಿಸುವ ಸಾಲು, ಬರೆದೆ, ಬರೆದೆ, ಬರೆದೆ, ಒಟ್ಟು ಅಳಿಸಿದ್ದಕ್ಕಿಂತ ಎರಡು ಸಾಲು ಜಾಸ್ತಿ, ಮತ್ತೆ ಕಳಿಸಿದೆ, ಯಜಮಾನರ ಉತ್ತರ, ಸರಳ ಮಾಡ್ತೀನಿ ಅಂತ ಉದ್ದ ಮಾಡಿದ್ದೀಯಲ್ಲಮ್ಮ, ಕೊನೇ ದಿನ ಕೋಡು ಕಡಿಮೆ ಮಾಡೋದನ್ನ ಮಾತ್ರ ತಗೊಳ್ಳೋದು, ನಿಯಮ, ಊಹೂಂ, ಗೊಣಗಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾನೆ— ಬಿಡಿಸುವ ಸಾಲು ಬರೆಯುವ ಮೊದಲೇ ಎಷ್ಟು ಸಲ ತೂಗಿದೆ, ಡಬ್ಬಿಗೊಂದು ಕೈ, ಸ್ಟೇಪ್ಲರಿಗೊಂದು ಕೈ, ಚಪ್ಪಲಿಗೊಂದು ಕೈ, ಮೇಜಿನ ಮೇಲೆ ವೈರು ಕಿತ್ತ ಯಂತ್ರ, ಒಳಗೆ ಕತ್ತಲಲ್ಲಿ ಹಿಡಿದೇ ಇರುವ ಕೈ, ಕೈಯ ಮೇಲೆ ಕೈ, ಅದರ ಮೇಲೊಂದು ಕೈ—