ಒತ್ತದೆ ಇಟ್ಟ ಕೈ

“ಕಣ್ಣು ಮುಚ್ಚಿಕೊಳ್ಳಿ” ಎಂದು ನಾಗಮಣಿ ಹೇಳಿದಾಗ ಬಸವಮ್ಮ ಒಂದು ಕಣ್ಣನ್ನಷ್ಟೇ ಮುಚ್ಚಿದಳು. ಇನ್ನೊಂದರಿಂದ ಪಕ್ಕದ ಚಾಪೆಗಳ ಮೇಲಿದ್ದ ಇಬ್ಬರನ್ನು ನೋಡಿದಳು. ಬ್ಯಾಂಕಿನಿಂದ ನಿವೃತ್ತಳಾದ ಕಮಲ ಬೆನ್ನು ನೆಟ್ಟಗೆ ಮಾಡಿಕೊಂಡು ದೇವರ ಮುಂದೆ ಕುಳಿತವಳಂತೆ ಕುಳಿತಿದ್ದಳು. ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ಚೆಲುವರಾಜುವಿನ ತಲೆ ಆಗಲೇ ಎದೆಯ ಕಡೆಗೆ ವಾಲುತ್ತಿತ್ತು. ನಿದ್ದೆಯೇ ಬರುವುದಿಲ್ಲವೆಂದು ರೇಖಿ ಕಲಿಯಲು ಬಂದವನು ಅವನು.

“ಎರಡೂ ಕಣ್ಣು, ಬಸವಮ್ಮ.”

“ಮುಚ್ದೆ ಬುಡಿ ಅಮ್ಮಾವ್ರೆ.”

ನಜರ್‌ಬಾದಿನ ಆ ಹಳೆಯ ಮನೆಯ ಮಹಡಿಯ ಕೋಣೆ ಅದು. ನಾಗಮಣಿ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತಳಾದವಳು. ಆಮೇಲೆ ಮೂರು ವರ್ಷ ರೇಖಿ ಕಲಿತು, ಇವತ್ತು ಭಾನುವಾರ ಮೊದಲ ಸಲ ತಾನೇ ಪಾಠ ಹೇಳಲು ಕುಳಿತಿದ್ದಳು. ಮನೆ ಬಸವಮ್ಮನಿಗೆ ಹೊಸದಲ್ಲ. ಮೂವತ್ತು ವರ್ಷದ ಹಿಂದೆ ನಾಗಮಣಿಯ ಮಗಳು ಸಮನ್ವಿತಾ ಹುಟ್ಟಿದಾಗ ಮೂರು ತಿಂಗಳು ದಿನವೂ ಬಂದು ಹೋಗಿದ್ದಳು. ಆದರೆ ಆಗ ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದು, ಬಚ್ಚಲುಮನೆಯಲ್ಲಿ ಕೆಲಸ ಮುಗಿಸಿ, ಅದೇ ಓಣಿಯಿಂದ ಹೊರಟುಬಿಡುತ್ತಿದ್ದಳು. ಒಳಗಿನ ಮೆಟ್ಟಿಲು ಹತ್ತಿದ್ದು ಇದೇ ಮೊದಲು.

ಆ ಬೀದಿಗಳಲ್ಲಿ ಅವಳನ್ನು ಕರೆಯುವುದೇ ‘ಎರೆಯೋ ಬಸವಮ್ಮ’ ಎಂದು. ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಬಾಣಂತಿಯರ ಸೊಂಟ ತಿಕ್ಕಿ ತಲೆಗೆ ಬಿಸಿನೀರು ಹಾಕುವುದು, ಮೂವತ್ತೈದು ವರ್ಷದಿಂದ ಅವಳ ಕೆಲಸ. ಎಷ್ಟು ಕೂಸುಗಳೆಂದು ಕೇಳಿದರೆ ಅವಳಿಗೆ ಹೇಳಲು ಬರುವುದಿಲ್ಲ. ಇಬ್ಬರು ಡಾಕ್ಟರಾಗಿದ್ದಾರೆ, ಒಬ್ಬ ಪೊಲೀಸಿನಲ್ಲಿದ್ದಾನೆ, ಅಷ್ಟು ಗೊತ್ತು. ಕಳೆದ ವರ್ಷದಿಂದ ಎರಡೂ ಮಣಿಕಟ್ಟು ನೋಯತೊಡಗಿದ್ದವು. ಕೀಲು ಸವೆದಿದೆ, ಕೈಗೆ ಭಾರ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ಕಡಕೊಳದ ಕಾರ್ಖಾನೆಗೆ ಹೋಗುವ ಮಗಳು ಅನುಪಮಾ, “ಸಾಕು ಬುಡವ್ವ, ನಾನು ದುಡೀತಿಲ್ವಾ” ಎನ್ನುತ್ತಿದ್ದಳು. ಆ ಮಾತು ಮುಗಿಯುವಷ್ಟರಲ್ಲಿ ಬಸವಮ್ಮ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೊರಟಿರುತ್ತಿದ್ದಳು.

ನಿನ್ನೆ ಸೊಪ್ಪಿನ ಗಾಡಿಯ ಹತ್ತಿರ ನಾಗಮಣಿ ಸಿಕ್ಕಿದ್ದಳು. ರೇಖಿ ಎಂದದ್ದು ಬಸವಮ್ಮನಿಗೆ ರೇಖೆ ಎಂದು ಕೇಳಿಸಿ, “ನನ್ ಕೈಲಿ ರೇಖೆ ಎಲ್ಲವೆ, ಎಲ್ಲಾ ತಿಕ್ಕಿ ತಿಕ್ಕಿ ಸವ್ದೋದೊ” ಎಂದಿದ್ದಳು. ನಾಗಮಣಿ ನಕ್ಕು, “ಕೈ ನೋಡೋದಲ್ಲ ಕಣ್ರೀ, ಕೈ ಇಡೋದು. ಒತ್ತೋದಿಲ್ಲ, ತಿಕ್ಕೋದಿಲ್ಲ. ಇಟ್ಟರೆ ಸಾಕು” ಎಂದು ವಿವರಿಸಿದ್ದಳು. ಒತ್ತದೆ, ತಿಕ್ಕದೆ ಮಾಡುವ ಕೆಲಸವೂ ಒಂದಿದೆ ಎಂಬುದು ಬಸವಮ್ಮನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು.

ನಾಗಮಣಿ ಪಾಠ ಶುರು ಮಾಡಿದಳು. ಇದು ಜಪಾನಿನಿಂದ ಬಂದದ್ದು, ಸುತ್ತಲೂ ಇರುವ ಪ್ರಾಣಶಕ್ತಿ ಕೈಯ ಮೂಲಕ ಹರಿಯುತ್ತದೆ ಎಂಬುದು ಇದನ್ನು ಮಾಡುವವರ ನಂಬಿಕೆ, ಕೈ ಇಟ್ಟವರು ಏನೂ ಕೊಡುವುದಿಲ್ಲ, ದಾರಿಯಾಗುತ್ತಾರೆ ಅಷ್ಟೆ ಎಂದಳು. “ಒಂದು ಮಾತು ನೆನಪಿಟ್ಕೊಳ್ಳಿ. ಯಾರೂ ಮಾತ್ರೆ ನಿಲ್ಲಿಸಬಾರದು. ಡಾಕ್ಟರ ಹತ್ತಿರ ಹೋಗೋದನ್ನ ಬಿಡಬಾರದು.” ಆಮೇಲೆ ದಿನವೂ ಬೆಳಿಗ್ಗೆ ಹೇಳಿಕೊಳ್ಳಬೇಕಾದ ಐದು ಮಾತುಗಳನ್ನು ಒಂದೊಂದಾಗಿ ಹೇಳಿಸಿದಳು.

“ಇವತ್ತೊಂದು ದಿನ ಕೋಪ ಮಾಡಿಕೊಳ್ಳುವುದಿಲ್ಲ.”

ಮೂವರೂ ಹೇಳಿದರು.

“ಇವತ್ತೊಂದು ದಿನ ಚಿಂತೆ ಮಾಡುವುದಿಲ್ಲ.”

“ನಾಳೆ ಮಾಡ್ಬೋದಾ ಅಮ್ಮಾವ್ರೆ?” ಬಸವಮ್ಮ ಕೇಳಿದಳು. ಚೆಲುವರಾಜು ಕಣ್ಣು ಮುಚ್ಚಿಕೊಂಡೇ ನಕ್ಕ.

“ನಾಳೆ ಬೆಳಿಗ್ಗೆ ಮತ್ತೆ ಇದೇ ಮಾತು ಹೇಳ್ಕೋಬೇಕು” ಎಂದಳು ನಾಗಮಣಿ. ಉಪಕಾರ ಮರೆಯದಿರುವುದು, ಎಲ್ಲ ಜೀವಗಳಿಗೂ ದಯೆ ತೋರುವುದು ಆಯಿತು. ಕೊನೆಗೆ, “ಇವತ್ತೊಂದು ದಿನ ನನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತೇನೆ” ಎಂದಳು. ಕಮಲ ಸ್ಪಷ್ಟವಾಗಿ ಹೇಳಿದಳು. ಚೆಲುವರಾಜು ಗೊಣಗಿದ. ಬಸವಮ್ಮನ ಬಾಯಿಂದ ಮಾತು ಹೊರಡಲಿಲ್ಲ. ನಾಗಮಣಿ ಅದನ್ನು ಗಮನಿಸಿದರೂ ಮುಂದಕ್ಕೆ ಹೋದಳು.

ಅಭ್ಯಾಸಕ್ಕೆ ಚೆಲುವರಾಜು ಮೊದಲು ಮಲಗಿದ. ಅವನ ಹೆಗಲ ಮೇಲೆ ಕೈ ಇಡಲು ನಾಗಮಣಿ ಬಸವಮ್ಮನಿಗೆ ಹೇಳಿದಳು. ಅವಳು ಇಟ್ಟಳು. ಎರಡು ನಿಮಿಷ ಕಳೆಯುವಷ್ಟರಲ್ಲಿ ಹೆಬ್ಬೆರಳು ತಾನಾಗಿ ಅವನ ಕತ್ತಿನ ಬುಡದ ಗಂಟನ್ನು ಹುಡುಕಿಕೊಂಡು ಹೋಗಿತ್ತು.

“ಅಲ್ಲೇ, ಅಲ್ಲೇ ಸ್ವಲ್ಪ ಒತ್ತಿ” ಎಂದ ಚೆಲುವರಾಜು.

“ಒತ್ತೋ ಹಾಗಿಲ್ಲ” ಎಂದಳು ನಾಗಮಣಿ.

“ನಾನು ಒತ್ತಿಲ್ಲ, ಕೈಯೇ ಓಯ್ತು” ಎಂದು ಬಸವಮ್ಮ ಹೆಬ್ಬೆರಳನ್ನು ಹಿಂದಕ್ಕೆ ತಂದುಕೊಂಡಳು. ಸುಮ್ಮನೆ ಇಟ್ಟ ಕೈಯನ್ನು ಸುಮ್ಮನೆ ಇರಿಸುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳ ಸರದಿ ಬಂದಾಗ ಮಲಗಲು ಹಿಂಜರಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡು, ಕಾಲು ಮುದುಡಿಕೊಂಡು, ಚಾಪೆಯ ಅಂಚಿನಲ್ಲಿ ಮಲಗಿದಳು. ನಾಗಮಣಿಯೇ ಅವಳ ತಲೆಯ ಹತ್ತಿರ ಕುಳಿತು ಎರಡೂ ಅಂಗೈಯನ್ನು ಅವಳ ಕಣ್ಣುಗಳ ಮೇಲೆ ಹಗುರವಾಗಿ ಇಟ್ಟಳು. ಆಮೇಲೆ ಕಿವಿಯ ಮೇಲೆ, ತಲೆಯ ಹಿಂದೆ, ಎದೆಯ ಮೇಲೆ. ಕೊನೆಗೆ ಒಂದೊಂದಾಗಿ ಮಣಿಕಟ್ಟುಗಳನ್ನು ಹಿಡಿದುಕೊಂಡಳು. ಬಸವಮ್ಮನಿಗೆ ಯಾವ ಶಕ್ತಿಯೂ ಹರಿದಂತೆ ಅನ್ನಿಸಲಿಲ್ಲ. ನಾಗಮಣಿಯ ಕೈ ಬೆಚ್ಚಗಿತ್ತು, ಅದರಲ್ಲಿ ಶ್ರೀಗಂಧದ ಸೋಪಿನ ವಾಸನೆಯಿತ್ತು. ತನ್ನ ಮೈಯನ್ನು ಇನ್ನೊಬ್ಬರು ಹೀಗೆ, ಯಾವ ಅವಸರವೂ ಇಲ್ಲದೆ ಮುಟ್ಟಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೊರಟಳು. ಗಂಡ ಹೋಗಿ ಹತ್ತೊಂಬತ್ತು ವರ್ಷ. ಅದಕ್ಕೂ ಹಿಂದೆ, ಅನುಪಮಾ ಹುಟ್ಟಿದಾಗ, ಅವಳ ಅವ್ವ ತಲೆಗೆ ನೀರು ಹಾಕಿದ್ದಳು. ಅಲ್ಲಿಗೆ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು.

ಎಚ್ಚರವಾದಾಗ ಕೋಣೆಯಲ್ಲಿ ನಾಗಮಣಿ ಒಬ್ಬಳೇ ಇದ್ದಳು. ಕಮಲ, ಚೆಲುವರಾಜು ಇಬ್ಬರೂ ಹೊರಟುಹೋಗಿದ್ದರು.

“ಗೊರಕೆ ಒಡುದ್ನಾ?”

“ಚೆನ್ನಾಗೇ ಹೊಡೆದ್ರಿ. ಚೆಲುವರಾಜು ಅಸೂಯೆ ಪಟ್ಕೊಂಡು ಹೋದ.”

ಬಸವಮ್ಮ ನಗಲು ಹೋದಳು. ಆಗಲಿಲ್ಲ. ಎದ್ದು ಕುಳಿತು ಮಣಿಕಟ್ಟನ್ನು ತಿರುಗಿಸಿ ನೋಡಿದಳು. ಮೊದಲಿನಷ್ಟೇ ನೋವಿತ್ತು.

“ಇದು ವಾಸಿಯಾಯ್ತದಾ ಅಮ್ಮಾವ್ರೆ? ನಿಜ ಏಳಿ.”

“ಸವೆದ ಕೀಲು ಬೆಳೆಯುತ್ತೆ ಅಂತ ನಾನು ಹೇಳಲಾರೆ ಬಸವಮ್ಮ. ನನ್ನ ಮಂಡಿನೋವಿಗೆ ನಾನೇ ಮಾತ್ರೆ ತಗೋತೀನಿ.”

“ಮತ್ತೆ ಇದ್ರಿಂದ ಏನು?”

“ನಿದ್ದೆ ಬಂತಲ್ಲ.”

“ಬಂತು” ಎಂದಳು ಬಸವಮ್ಮ. “ಮೂರು ದಿನ ಆಗಿತ್ತು.” ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ಹಿಡಿದಿಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ.

ಹಿಂದಿನ ಬೀದಿಯ ಮಾಲವಿಕಾಳ ಮಗುವಿಗೆ ಅವಳೇ ಎರೆಯುತ್ತಿದ್ದಳು. ಮಾಲವಿಕಾಳನ್ನೂ ಕಾಲ ಮೇಲೆ ಹಾಕಿಕೊಂಡು ಎರೆದವಳು ಅವಳೇ. ಮಾಲವಿಕಾಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು, ಹಾಗಾಗಿ ಬಸವಮ್ಮ ನೋವಿದ್ದರೂ ಒಪ್ಪಿಕೊಂಡಿದ್ದಳು. “ಗುರುವಾರ ಕೂಸುನ್ನ ಬೋರಲು ಆಕೋವಾಗ ಮಣಿಕಟ್ಟು ಕಳಚ್ಕೊಂಡಂಗಾಯ್ತು. ಎಣ್ಣೆ ಮೈ, ಜಾರ್ಬುಡ್ತು. ಮೊಣಕಾಲೆತ್ತಿ ಸಿಕ್ಕಿಸ್ಕೊಂಡೆ. ನೆಲ ನಾಕೇ ಬೆರಳು ಇತ್ತು ಕಣಮ್ಮ. ಕೂಸು ಅಳನೂ ಇಲ್ಲ. ಅದರ ಪಾಡಿಗೆ ಅದು ನನ್ ಮೊಖ ನೋಡ್ತಿತ್ತು.”

“ಮಾಲವಿಕಾಗೆ ಗೊತ್ತಾ?”

“ಬಚ್ಚಲಲ್ಲಿ ನಾವಿಬ್ರೇ ಇದ್ದುದ್ದು. ಶುಕ್ರವಾರದಿಂದ ಜ್ವರ ಅಂತ ಏಳಿ ಓಗೇ ಇಲ್ಲ.” ಅವಳು ತನ್ನ ಕೈಗಳನ್ನೇ ನೋಡುತ್ತಿದ್ದಳು. “ಇಲ್ಲಿ ಕೈ ಸರಿಯಾದ್ರೆ ಯಾರ್ಗೂ ಏಳೋದೇ ಬ್ಯಾಡ ಅಂದ್ಕೊಂಡು ಬಂದೆ.”

ನಾಗಮಣಿ ಕೆಳಗಿನಿಂದ ಎರಡು ಲೋಟ ಕಾಫಿ ತಂದಳು. ಇಬ್ಬರೂ ಕಿಟಕಿಯ ಹತ್ತಿರ ಕುಳಿತು ಕುಡಿದರು. ಹೊರಡುವಾಗ ಬಸವಮ್ಮ ಹಿತ್ತಲ ಕಡೆಗೆ ತಿರುಗಿದ್ದನ್ನು ನೋಡಿ ನಾಗಮಣಿ ಮುಂಬಾಗಿಲನ್ನು ತೆರೆದು ಹಿಡಿದಳು.

ಸೋಮವಾರ ಬೆಳಿಗ್ಗೆ ಬಸವಮ್ಮ ಮಾಲವಿಕಾಳ ಮನೆಗೆ ಹೋದಾಗ ಅವಳ ಗಂಡ ಅಭಿನವ ಆಫೀಸಿನ ಬಸ್ಸಿಗೆ ಹೊರಟಾಗಿತ್ತು. ಮಾಲವಿಕಾ ಬಾಗಿಲು ತೆರೆದವಳೇ, “ಜ್ವರ ಹೇಗಿದೆ ಅಜ್ಜಿ? ಇನ್ನೆರಡು ದಿನ ಸುಧಾರಿಸಿಕೊಳ್ಳೋದಲ್ವಾ” ಎಂದಳು. ಅವಳ ತೋಳಿನಲ್ಲಿ ಮಗುವಿತ್ತು. ಹುಟ್ಟಿ ನಲವತ್ತೊಂದು ದಿನ.

“ಜ್ವರ ಇರ್ಲಿಲ್ಲ ಕಣವ್ವ” ಎಂದಳು ಬಸವಮ್ಮ. ಕುಳಿತುಕೊಳ್ಳದೆ, ಬಾಗಿಲ ಹತ್ತಿರವೇ ನಿಂತು ಗುರುವಾರದ್ದನ್ನೆಲ್ಲ ಹೇಳಿದಳು. ಏನನ್ನೂ ಮರೆಮಾಡಲಿಲ್ಲ.

ಮಾಲವಿಕಾ ಮಗುವನ್ನು ಎದೆಗೆ ಒತ್ತಿಕೊಂಡಳು. ಅದರ ತಲೆಯನ್ನು, ಬೆನ್ನನ್ನು ಸವರಿ ನೋಡಿದಳು. ಅವಳ ಮುಖ ಕೆಂಪಾಗಿತ್ತು. “ಅವತ್ತೇ ಯಾಕೆ ಹೇಳಲಿಲ್ಲ? ಒಳಗೆ ಏನಾದ್ರೂ ಪೆಟ್ಟಾಗಿದ್ದಿದ್ರೆ ನನಗೆ ಹೇಗೆ ಗೊತ್ತಾಗ್ತಿತ್ತು? ನಿಮ್ಮನ್ನ ನಂಬಿ ನಾನು ಬಚ್ಚಲ ಕಡೆ ತಿರುಗೂ ನೋಡ್ತಿರಲಿಲ್ಲ.”

“ಅದು ನಂದೇ ತಪ್ಪು. ಪೆಟ್ಟಾಗ್ಲಿಲ್ಲ, ಆದ್ರೂ ಡಾಕ್ಟರ್ಗೆ ತೋರ್ಸು. ನಾನೂ ಬತ್ತೀನಿ, ಅವರ ಮುಂದೇನೂ ಏಳ್ತೀನಿ.”

ಮಾಲವಿಕಾ ಒಳಗೆ ಹೋದಳು. ಫೋನಿನಲ್ಲಿ ಅವಳು ಡಾಕ್ಟರ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ಹಾಲು ಕುಡಿಯುತ್ತಿದೆ, ಇಲ್ಲ, ವಾಂತಿ ಇಲ್ಲ, ಹೌದು, ನಾಳೆ ಲಸಿಕೆಗೆ ಬರುವವಳಿದ್ದೆ, ಇವತ್ತು ಸಂಜೆಯೇ ಕರೆತರುತ್ತೇನೆ. ಬಸವಮ್ಮ ಚಪ್ಪಲಿಯ ಹತ್ತಿರ ನಿಂತೇ ಇದ್ದಳು. ಹೊರಡು ಎಂದರೆ ಹೊರಡುವುದು ಎಂದುಕೊಂಡಳು. ವಿಚಿತ್ರವೆಂದರೆ, ಹಾಗೆ ಅಂದುಕೊಂಡಾಗಲೂ ಎದೆ ಹಗುರವಾಗಿತ್ತು.

ಮಗು ಅಳತೊಡಗಿತು. ಮೂರು ದಿನದಿಂದ ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಮೈ, ಕತ್ತಿನ ಮಡಿಕೆಯಲ್ಲಿ ಕೆಂಪು ಗುಳ್ಳೆ ಎದ್ದಿತ್ತು. ಮಾಲವಿಕಾ ಹೊರಗೆ ಬಂದಳು.

“ಡಾಕ್ಟರು ಗಾಬರಿ ಪಡೋದೇನಿಲ್ಲ ಅಂದ್ರು. ಸಂಜೆ ನೋಡ್ತಾರೆ.” ಮಗುವಿನ ಕತ್ತು ನೋಡಿ, “ಈಗ ಇದಕ್ಕೆ ಸ್ನಾನ ಯಾರು ಮಾಡಿಸೋದು?” ಎಂದಳು.

“ನೀನೇ.”

“ನನಗೆ ಬರೋದಿಲ್ಲ ಅಜ್ಜಿ. ಕೈ ನಡುಗುತ್ತೆ.”

“ನಡುಗ್ಲಿ. ನಾನು ಪಕ್ಕದಲ್ಲೇ ಕೂತಿರ್ತೀನಿ.”

ಬಚ್ಚಲಲ್ಲಿ ಮಣೆ ಹಾಕಿ ಮಾಲವಿಕಾಳನ್ನು ಕೂರಿಸಿದಳು. ಕಾಲು ನೀಡಿಸಿದಳು. ಪಾದಗಳ ನಡುವೆ ಮಗುವಿನ ತಲೆ ಕೂರುವಂತೆ ಹಿಮ್ಮಡಿ ಜೋಡಿಸುವುದನ್ನು ತೋರಿಸಿದಳು. ನೀರಿನ ಬಿಸಿಯನ್ನು ಮೊಣಕೈ ಅದ್ದಿ ನೋಡಿದಳು. ಎಣ್ಣೆ ಬೇಡ, ಮೊದಲ ದಿನ ಬರೀ ನೀರು ಮತ್ತು ಚಿಟಿಕೆ ಕಡಲೆಹಿಟ್ಟು ಎಂದಳು. ಆಮೇಲೆ ಮಾಲವಿಕಾಳ ಹಿಂದೆ ಕುಳಿತು ತನ್ನ ಎರಡೂ ಅಂಗೈಯನ್ನು ಅವಳ ಹೆಗಲ ಮೇಲೆ ಇಟ್ಟಳು. ಒತ್ತಲಿಲ್ಲ. ಬೆರಳುಗಳು ಎಲ್ಲಿಗೂ ಹೋಗಲಿಲ್ಲ.

“ಆಕು, ಒಂದು ಚೊಂಬು. ಮೊಖಕ್ಕಲ್ಲ, ಒಟ್ಟೆ ಮ್ಯಾಲೆ.”

ಮಾಲವಿಕಾ ಹಾಕಿದಳು. ಮಗು ಒಮ್ಮೆ ಬೆಚ್ಚಿ ಎರಡೂ ಕೈ ಅಗಲಿಸಿತು, ಆಮೇಲೆ ಸುಮ್ಮನಾಯಿತು. ಬಸವಮ್ಮನ ಅಂಗೈಗಳ ಕೆಳಗೆ ಮಾಲವಿಕಾಳ ಹೆಗಲು ಮೊದಲು ಕಿವಿಯವರೆಗೆ ಬಿಗಿದುಕೊಂಡಿತ್ತು. ನಾಲ್ಕನೆಯ ಚೊಂಬಿಗೆ ಅದು ಕೆಳಗಿಳಿದದ್ದು ತಿಳಿಯಿತು. ಬೋರಲು ಹಾಕುವಾಗ ಮಾತ್ರ ಮತ್ತೆ ಬಿಗಿಯಿತು. “ಕಂಕುಳಲ್ಲಿ ಇಡ್ಕೊ. ಬೆರಳೆಲ್ಲಾ ಒಂದಾಗ್ಲಿ. ಈಗ ತಿರುಗ್ಸು” ಎಂದಳು ಬಸವಮ್ಮ. ತಿರುಗಿತು. ಮಾಲವಿಕಾ ಉಸಿರು ಬಿಟ್ಟಳು.

“ಅಜ್ಜಿ, ಬೆನ್ನ ಮೇಲೆ ಮಚ್ಚೆ ಇದೆ. ನಾನು ಇದನ್ನ ಸರಿಯಾಗಿ ನೋಡೇ ಇರಲಿಲ್ಲ.”

“ನಿಂಗೂ ಅದೆ, ಅಲ್ಲೇ.”

ಸ್ನಾನ ಮುಗಿಯುವ ಹೊತ್ತಿಗೆ ಮಾಲವಿಕಾಳ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ನಡುಮನೆಗೆ ಬಂದಳು. ಬಸವಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಮಾಲವಿಕಾ ಅವಳ ಮುಂದೆ ನಿಂತಳು.

“ನಾನು ಬಟ್ಟೆ ಬದಲಾಯಿಸಿ ಬರ್ತೀನಿ. ಹಿಡ್ಕೊಳ್ಳಿ.”

ಬಸವಮ್ಮ ಕೈ ಚಾಚಲಿಲ್ಲ. “ತೊಟ್ಲಲ್ಲಿ ಆಕು.”

“ಕೂತೇ ಇದೀರಲ್ಲ. ಕೈಯಲ್ಲಿ ಬೇಡ, ಮಡಿಲಲ್ಲಿ ಹಾಕ್ಕೊಳ್ಳಿ” ಎಂದು ಮಾಲವಿಕಾ ಬಗ್ಗಿ ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಅದರ ತಲೆಯನ್ನು ಅವಳ ಮೊಣಕೈಯ ಮಡಿಕೆಯಲ್ಲಿ ಕೂರಿಸಿ, ಒಂದು ಕ್ಷಣ ನಿಂತು ನೋಡಿ, ಒಳಗೆ ಹೋದಳು.

ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಮಗು ಒಂದು ಸಲ ಸೀನಿತು, ತುಟಿ ಚೀಪಿತು, ಹಾಗೆಯೇ ನಿದ್ದೆಗೆ ಜಾರಿತು. ಬಸವಮ್ಮನ ಕಾಲು ಜೋಮು ಹಿಡಿಯುತ್ತಿತ್ತು. ಅವಳು ಕಾಲು ಅಲ್ಲಾಡಿಸಲಿಲ್ಲ. ಕೂಸಿನ ಉಸಿರು ಅವಳ ತೋಳಿಗೆ ಬೆಚ್ಚಗೆ ತಾಗಿ ಹಿಂದಕ್ಕೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.