ಅಪ್ಪ ಇದ್ದ ಕಾರ್ಡು

ಸಿನಿಮಾ ಸೆಟ್ಟಿನಲ್ಲಿ ಯಾರೂ ತಿರುಗಿ ನೋಡದ ಮೂಲೆಯಲ್ಲಿ ನನ್ನ ಮೇಜಿರುತ್ತದೆ. ಕ್ಯಾಮೆರಾದಿಂದ ಬಂದ ಮೆಮೊರಿ ಕಾರ್ಡನ್ನು ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಬೇಕು, ಎಲ್ಲವೂ ಚಾಚೂ ತಪ್ಪದೆ ಬಂದಿದೆಯೇ ಎಂದು ತಾಳೆ ನೋಡಬೇಕು, ಆಮೇಲೆ ಕಾರ್ಡು ಅಳಿಸಿ ವಾಪಸು ಕೊಡಬೇಕು. ತಾಳೆ ನೋಡುವುದಕ್ಕೆ ಚೆಕ್‌ಸಮ್ ಎನ್ನುತ್ತಾರೆ, ಅಳಿಸುವುದಕ್ಕೆ ಫಾರ್ಮ್ಯಾಟ್. ಯಾವುದು ಮೊದಲು, ಯಾವುದು ಆಮೇಲೆ ಎಂದು ನೆನಪಿದ್ದರೆ ಈ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ನಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ.

ಅಪ್ಪ ಫಿಲ್ಮ್ ಲ್ಯಾಬಿನಲ್ಲಿ ನೆಗೆಟಿವ್ ಕತ್ತರಿಸುತ್ತಿದ್ದವರು. ಮೂವತ್ತು ವರ್ಷದಲ್ಲಿ ಅವರ ಕೈಯಿಂದ ಫಿಲ್ಮಿನ ಮೇಲೆ ಒಂದು ಗೀರೂ ಬಿದ್ದಿಲ್ಲ. ಹಾಗೆಂದು ಅವರೇ ಹೇಳುತ್ತಾರೆ, ವಾರಕ್ಕೆರಡು ಸಲ. ಬೆಳಕಿಗೆ ಹಿಡಿದರೆ ಏನೂ ಕಾಣದ ಕಾರ್ಡನ್ನು ಸಿನಿಮಾ ಎಂದು ಒಪ್ಪಲು ಅವರು ತಯಾರಿರಲಿಲ್ಲ.

ಅಂಥವರಿಗೆ ನಮ್ಮ ನಿರ್ದೇಶಕರು ಒಂದು ಪಾತ್ರ ಕೊಟ್ಟರು. ಬಸ್ ಸ್ಟಾಪಿನಲ್ಲಿ ಕೂತ ಗಡ್ಡದ ಮುದುಕ, ಒಂದೇ ಒಂದು ಮಾತು: "ಈಗ ಹೋಗಿದ್ದು ನನ್ನ ಬಸ್ಸೇನಾ?" ಅಪ್ಪ ಎರಡು ತಿಂಗಳು ಗಡ್ಡ ಬಿಟ್ಟರು. ನೆಂಟರಿಗೆಲ್ಲ ಫೋನು ಹೋಯಿತು.

ಅವರ ಶಾಟ್ ಮುಗಿದು ಕಾರ್ಡು ನನ್ನ ಮೇಜಿಗೆ ಬಂತು. ಕಾಪಿಗೆ ಹಾಕುವ ಮೊದಲು ತಡೆಯಲಾಗದೆ ಕಾರ್ಡಿನಿಂದಲೇ ತೆರೆದು ನೋಡಿದೆ. ಹೊರಟುಹೋದ ಬಸ್ಸಿನ ದಿಕ್ಕಿಗೆ ಅಪ್ಪ ನೋಡಿ, ಆ ಮಾತು ಹೇಳಿ, ನಾಚಿಕೆಯಿಂದ ಸ್ವಲ್ಪ ನಕ್ಕರು. ಇನ್ನೊಂದು ಸಲ ನೋಡಿದೆ. ನನ್ನ ಪರದೆಯ ಮೇಲೆ ಎರಡು ಸಲ ಕಂಡದ್ದು ನನ್ನ ಡಿಸ್ಕಿನಲ್ಲಿ ಇದ್ದೇ ಇರುತ್ತದೆ ಎಂದು ಈ ಮಂಡೆ ತೀರ್ಮಾನ ಮಾಡಿಬಿಟ್ಟಿತು. ಫಾರ್ಮ್ಯಾಟ್ ಮಾಡಿ ಕೊಟ್ಟೆ. ಅದೇ ಕಾರ್ಡಿನ ಮೇಲೆ ಮಧ್ಯಾಹ್ನ ಪೂರ್ತಿ ಕಾರು ಓಡುವ ದೃಶ್ಯ ತುಂಬಿಸಿದರು.

ಸಂಜೆ ಲೆಕ್ಕಕ್ಕೆ ಕೂತಾಗ ಆ ಶಾಟ್ ಎರಡು ಡಿಸ್ಕಿನಲ್ಲೂ ಇರಲಿಲ್ಲ. ನಿರ್ದೇಶಕರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮತ್ತೆ ತೆಗೆಯೋಣ, ಅಪ್ಪನನ್ನು ಕರೆಸಿ ಎಂದರು. ಅಪ್ಪ ಅಷ್ಟರಲ್ಲಿ ಮನೆ ದಾರಿಯ ಕ್ಷೌರದಂಗಡಿಗೆ ಹೋಗಿ ಗಡ್ಡ ನುಣ್ಣಗೆ ಬೋಳಿಸಿಕೊಂಡಿದ್ದರು. ಆ ಮುದುಕನಿಲ್ಲದೆಯೂ ಕಥೆ ನಡೆಯುತ್ತದೆ ಬಿಡಿ ಎಂದು ನಿರ್ದೇಶಕರು ಸಮಾಧಾನ ಹೇಳಿದರು. ಅದು ನಿಜವಾಗಿತ್ತು, ಅದಕ್ಕೇ ಸಮಾಧಾನವಾಗಲಿಲ್ಲ.

ಮನೆಯಲ್ಲಿ ಮಾತ್ರ, ಕೆಲವು ದಿನ ಬಿಟ್ಟು, ಎಡಿಟಿಂಗಿನಲ್ಲಿ ಹೋಯಿತು ಎಂದು ಸುಳ್ಳು ಹೇಳಿದೆ. ಗೀರು ಬೀಳಿಸದ ಮನುಷ್ಯನ ಮುಂದೆ ನಿಂತು ನಾನೇ ಅಳಿಸಿದೆ ಎನ್ನಲು ಬಾಯಿ ಬರಲಿಲ್ಲ. ಎಡಿಟಿಂಗಿನಲ್ಲಿ ಎಂಥ ಶಾಟುಗಳು ಕತ್ತರಿಗೆ ಬೀಳುತ್ತವೆ ಎಂದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಅಂದಿನಿಂದ ನೆಂಟರ ಫೋನು ಬಂದರೆ ಸ್ನಾನಕ್ಕೆ ಹೋಗಿದ್ದಾರೆ ಎಂದು ನನ್ನಿಂದ ಹೇಳಿಸತೊಡಗಿದರು. ದಿನಕ್ಕೆ ನಾಲ್ಕು ಸ್ನಾನವಾಗುತ್ತಿತ್ತು. ಬಚ್ಚಲಿನ ಕನ್ನಡಿಯ ಮುಂದೆ ಆ ಒಂದು ಮಾತನ್ನು ಬೇರೆ ಬೇರೆ ಥರ ಹೇಳಿ ನೋಡುವುದು ಹೊರಗೆ ಕೇಳಿಸುತ್ತಿತ್ತು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದರು.

"ಎಲ್ಲಿ ತಪ್ಪಿದೆ ಹೇಳು. ಕೊನೇಲಿ ನಕ್ಕಿದ್ದು ಜಾಸ್ತಿ ಆಯ್ತಾ?"

ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ. ಅಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಅಂದ್ರೆ ನನ್ನ ಆಕ್ಟಿಂಗಿಂದ ಹೋಗಿದ್ದಲ್ಲ?"

"ಅಲ್ಲಪ್ಪ. ನಾನು ಅಳಿಸಿಬಿಟ್ಟೆ."

"ಖಂಡಿತಾ ನೀನೇನಾ?"

"ನಾನೇ ಅಪ್ಪ."

ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ತಕ್ಷಣ ಚಿಕ್ಕಪ್ಪನಿಗೆ ಫೋನು ಮಾಡಿ, ಪಾತ್ರ ಬಹಳ ಚೆನ್ನಾಗಿ ಬಂದಿತ್ತೆಂದೂ ಸ್ವಂತ ಮಗಳೇ ಅದನ್ನು ಅಳಿಸಿ ಹಾಕಿದಳೆಂದೂ ಸಂಭ್ರಮದಿಂದ ವರದಿ ಒಪ್ಪಿಸಿದರು. ಆಮೇಲೆ ಅತ್ತೆಗೆ, ದೊಡ್ಡಮ್ಮನಿಗೆ, ಲ್ಯಾಬಿನ ಹಳೇ ಗೆಳೆಯರಿಗೆ. ಮಧ್ಯಾಹ್ನದೊಳಗೆ ನನ್ನ ಮಾನ ಒಂಬತ್ತು ಮನೆಗಳಲ್ಲಿ ಹರಾಜಾಯಿತು. ಪ್ರತಿ ಸಲವೂ ಕೊನೆಗೆ ಫೋನು ನನ್ನ ಕೈಗೆ ಬರುತ್ತಿತ್ತು.

"ತಗೋ, ಹೇಗಿತ್ತು ಅಂತ ನೀನೇ ಹೇಳು. ನೋಡಿದವಳು ನೀನು."

ನಾನು ಬಸ್ ಸ್ಟಾಪಿನ ಬೆಂಚಿನಿಂದ ಶುರುಮಾಡಿ ಆ ನಗುವಿನ ತನಕ ಹೇಳುತ್ತಿದ್ದೆ. ಅಪ್ಪ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಮುಗಿದ ಮೇಲೆ ಫೋನು ಇಸಿದುಕೊಂಡು ಇನ್ನೊಂದು ನಂಬರು ಒತ್ತುತ್ತಿದ್ದರು.