ನೀಲಿ ಬಾಯಿಬಿಟ್ಟ ದಿನ

ಶಾಲೆಯ ತಪಾಸಣೆಗೆ ಶಿಕ್ಷಣಾಧಿಕಾರಿ ಎ.ಇ.ಒ. ಸಾರ್ ಬರುತ್ತಾರೆಂಬ ಸುದ್ದಿ ಸೋಮವಾರ ಬಂತು. ಅಂದಿನಿಂದ ಕುಸುಮಾವತಿ ಟೀಚರಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ವಯನಾಡು ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಗೆ ಹೊಸ ಕಚೇರಿ, ಕಚೇರಿಗೆ ಹೊಸ ಜೀಪು. ಜೀಪಿದ್ದ ಮೇಲೆ ಎಲ್ಲಿಗಾದರೂ ಹೋಗಬೇಕಲ್ಲ. ಆದರೆ ಅದು ಪೆರಿಕಲ್ಲೂರಿನಾಚೆ, ಕಾಡಿಗೆ ಬೆನ್ನು ಕೊಟ್ಟು ನಿಂತ ಈ ಎರಡು ಕೋಣೆಯ ಶಾಲೆಗೇ ಬರಬೇಕೆ?

ಅವಳದು ತಾತ್ಕಾಲಿಕ ಕೆಲಸ. ಒಂದನೇ ತರಗತಿಯ ಮಕ್ಕಳಿಗೆ ಮಲಯಾಳ ಬರುತ್ತದೆ ಎಂದು ಸಾಹೇಬರು ಬರೆದರೆ ಕೆಲಸ ಉಳಿಯುತ್ತದೆ. ಬರೆಯದಿದ್ದರೆ ಓಣಂ ರಜೆಯ ನಂತರ ಮನೆಯಲ್ಲೇ ಇರಬಹುದು. ಹೆಡ್‌ಮಾಷ್ ಕರುಣಾಕರನ್ ಇದನ್ನು ಅವಳಿಗೆ ಮೂರು ಸಲ ಹೇಳಿದ್ದರು, ಮೂರನೇ ಸಲ ಕೋಣೆಯ ಬಾಗಿಲು ಹಾಕಿಕೊಂಡು.

ತರಗತಿಯಲ್ಲಿ ಹದಿನೆಂಟು ಮಕ್ಕಳು. ಕೆಲವರ ಮನೆಯಲ್ಲಿ ಮಲಯಾಳ, ಕೆಲವರ ಮನೆಯಲ್ಲಿ ಅವಳ ಮನೆಯಂತೆ ಕನ್ನಡ. ಕಾಡಂಚಿನ ಆದಿವಾಸಿ ಹಾಡಿಯಿಂದ ಬರುವ ಐವರದು ಕನ್ನಡಕ್ಕೆ ಹತ್ತಿರದ, ಆದರೆ ತಮ್ಮದೇ ಆದ ಮಾತು. ಕುಸುಮಾವತಿ ಪಟ ತೋರಿಸಿ ಮೊದಲು 'ನಿಮ್ಮನೆಲಿ ಇದಕ್ಕೇನಂತಾರೆ?' ಎಂದು ಕೇಳುತ್ತಿದ್ದಳು, ಆಮೇಲೆ ಮಲಯಾಳದ ಹೆಸರು ಹೇಳಿಕೊಡುತ್ತಿದ್ದಳು. ಬಾಯಿ ತೆರೆಯದವರು ಕೈಸನ್ನೆಯಲ್ಲಿ ತೋರಿಸಿದರೂ ಸಾಕು. ಬಾಯಿ ತಾನಾಗಿ ತೆರೆಯುವವರೆಗೆ ಕಾಯಬೇಕು ಎಂಬುದು ಅವಳ ಲೆಕ್ಕ. ಇದು ಶಾಲೆಯೋ ಬಯಲಾಟವೋ ಎಂಬುದು ಹೆಡ್‌ಮಾಷರ ಪ್ರಶ್ನೆ.

ಹಾಡಿಯ ಮಕ್ಕಳಲ್ಲಿ ನೀಲಿ ಒಬ್ಬಳೇ ಹೆಣ್ಣು. ಮಾತಾಡಿದ್ದು ಕಡಿಮೆ, ಮರೆತದ್ದು ಇನ್ನೂ ಕಡಿಮೆ. ಜೂನ್ ತಿಂಗಳಲ್ಲಿ ಗೋಡೆಗೆ ಆನೆಯ ಪಟ ತೂಗುಹಾಕಿದ ದಿನ ಅವಳು ಮುಖ ತಿರುಗಿಸಿ ಕೂತಿದ್ದಳು. ಅವಳನ್ನು ಕರೆದೊಯ್ಯಲು ಬಂದ ಅಜ್ಜಿ ಕಾರ್ತು ಕಾರಣ ಹೇಳಿದ್ದಳು.

"ಅದರ ಹೆಸರು ಮಾತ್ರ ಹೇಳಿಸ್ಬೇಡಿ ಟೀಚರೇ. ಹೆಸರು ಹಿಡಿದ್ರೆ ಕರೆದಂಗೆ. ನಾವು ಅದರ ದಾರಿಲೇ ಇರೋರು."

ಕುಸುಮಾವತಿ ನಗಲಿಲ್ಲ. ಅಂದಿನಿಂದ ಆ ಪಟ ಬಂದಾಗ ನೀಲಿ ಮೂಗಿನ ಮುಂದೆ ತೋಳು ಇಳಿಬಿಟ್ಟು ಅತ್ತಿತ್ತ ತೂಗುತ್ತಿದ್ದಳು; ಟೀಚರು ಸರಿ ಎಂದು ತಲೆಯಾಡಿಸುತ್ತಿದ್ದಳು. ಇಬ್ಬರಿಗೂ ಅದು ಸಾಕಾಗಿತ್ತು.

ಗುರುವಾರ ಜೀಪು ಬಂತು. ಎ.ಇ.ಒ. ಭಾಸ್ಕರನ್ ಸಾರ್ ಕೆಟ್ಟವರೇನಲ್ಲ, ಬರೀ ಅವಸರದವರು. ಬಾಗಿಲಲ್ಲಿ ಹೆಡ್‌ಮಾಷ್ ನಿಂತರು. ಸಾಹೇಬರು ಬೆತ್ತದಿಂದ ಪಟಗಳನ್ನು ಒಂದೊಂದಾಗಿ ಮುಟ್ಟಿ ಕೇಳುತ್ತಾ ಹೋದರು, ಮಕ್ಕಳು ಹೇಳುತ್ತಾ ಹೋದರು. ಕುಸುಮಾವತಿಯ ಎದೆ ಸ್ವಲ್ಪ ಹಗುರಾಗುವಷ್ಟರಲ್ಲಿ ಬೆತ್ತ ಆನೆಯ ಮೇಲೆ ನಿಂತಿತು, ಬೆರಳು ನೀಲಿಯ ಕಡೆ ತಿರುಗಿತು.

ನೀಲಿ ಎದ್ದು ತೋಳು ತೂಗಿದಳು.

"ಕೈ ಬೇಡ. ಬಾಯಲ್ಲಿ ಹೇಳಲಿ," ಎಂದರು ಸಾಹೇಬರು ಮಲಯಾಳದಲ್ಲಿ. "ಮೂರು ತಿಂಗಳಾಯ್ತು. ಈ ಮಗುವಿಗೆ ಇಷ್ಟೂ ಬರುವುದಿಲ್ಲವೆ?"

ಕುಸುಮಾವತಿ ಇರುವ ವಿಷಯ ಹೇಳಿಬಿಡಬಹುದಿತ್ತು. ಹೇಳಲು ನಾಲಿಗೆ ಏಳಲಿಲ್ಲ, ಅವಳಿಗೆ ಅಷ್ಟು ಹೆದರಿಕೆ. ಹೆಡ್‌ಮಾಷ್ ಅವಳನ್ನೇ ನೋಡುತ್ತಿದ್ದರು. ಅವಳು ಬಗ್ಗಿ ಮಗುವಿನ ಭುಜ ಹಿಡಿದಳು.

"ಹೇಳು ನೀಲಿ. ನನಗೋಸ್ಕರ ಒಂದೇ ಸಲ."

ನೀಲಿ ಅವಳ ಮುಖ ನೋಡಿದಳು, ಕಿಟಕಿಯಾಚೆಯ ಕಾಡು ನೋಡಿದಳು. ಆಮೇಲೆ "ಆನ" ಎಂದಳು, ಸ್ಪಷ್ಟವಾದ ಮಲಯಾಳದಲ್ಲಿ.

ಸಾಹೇಬರು 'ತೃಪ್ತಿಕರ' ಎಂದು ಬರೆದು ಸಹಿ ಹಾಕಿದರು. ಹೆಡ್‌ಮಾಷ್ ಮೊದಲ ಬಾರಿಗೆ ಅವಳನ್ನು ನೋಡಿ ನಕ್ಕರು.

ಮಧ್ಯಾಹ್ನ ನೀಲಿ ಶಾಲೆಯ ಉಪ್ಪಿಟ್ಟು ಮುಟ್ಟಲಿಲ್ಲ. ಏನೆಂದು ಕೇಳಿದರೆ ಕಾಡಿನ ಕಡೆ ಬೆರಳು ತೋರಿಸಿದಳು.

"ಅಪ್ಪ ಬಿದಿರ ಕಳಲೆಗೆ ಹೋಗವ್ನೆ. ಕಾಡೊಳಗೆ ಅವ್ನೆ."

ಅಷ್ಟೇ. ಕುಸುಮಾವತಿ ಪಕ್ಕದಲ್ಲಿ ಕೂತಳು. ಬೆಳಗಿನಿಂದ ತನ್ನ ಹೊಟ್ಟೆಯಲ್ಲಿದ್ದ ಹೆದರಿಕೆಯನ್ನು ಎತ್ತಿ ಆರು ವರ್ಷದ ಮಗುವಿನ ಹೊಟ್ಟೆಗೆ ಹಾಕಿದ್ದಳು. ನಾಚಿಕೆಯಾಯಿತು. ನಾಚಿಕೆಗಿಂತ ದೊಡ್ಡದಾಗಿ ಭಯವಾಯಿತು, ಅದೂ ನೀಲಿಯದೇ ಭಯ: ನಿಜಕ್ಕೂ ಇವತ್ತೇ ಏನಾದರೂ ಆಗಿಬಿಟ್ಟರೆ?

ಶಾಲೆ ಬಿಟ್ಟ ಮೇಲೆ ಮಗುವಿನ ಕೈ ಹಿಡಿದು ಹಾಡಿಗೆ ನಡೆದಳು. ಅವಳ ಅಪ್ಪ ಕುಟ್ಟನ್ ಇನ್ನೂ ಬಂದಿರಲಿಲ್ಲ. ಸಂಗತಿ ಕೇಳಿ ಕಾರ್ತು ಬಯ್ಯಲಿಲ್ಲ, ಕಾಡಿನ ಕಡೆ ಮುಖ ಮಾಡಿ ಕೂತಳು. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಮಳೆ ನಿಂತಿತ್ತು. ದೂರದಲ್ಲಿ ಬಿದಿರು ಮುರಿಯುವ ಸದ್ದು ಒಂದು ಸಲ ಕೇಳಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ, ಹತ್ತಿರದಲ್ಲಿ. ನೀಲಿ ಟೀಚರ ಸೀರೆ ಹಿಡಿದು ನಿಂತಿದ್ದಳು. ಹೊತ್ತು ಇಳಿಯುತ್ತಿತ್ತು. ಕುಸುಮಾವತಿಯದು ಜೈನರ ಮನೆ, ಅಲ್ಲಿ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯಬೇಕು. ಅಮ್ಮ ಎಲೆ ಹಾಕಿ ದಾರಿ ನೋಡುತ್ತಿರುತ್ತಾಳೆ. ಕುಸುಮಾವತಿ ಏಳಲಿಲ್ಲ. ಅವನು ಬರಲಿ, ಅವನೊಬ್ಬ ಬಂದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿದಳು.

ಸೂರ್ಯ ಮುಳುಗಿದ ಮೇಲೆ ಕುಟ್ಟನ್ ಬಂದ, ಬುಟ್ಟಿ ತುಂಬ ಕಳಲೆ ಹೊತ್ತು. ನೀಲಿ ಅವನ ಬಳಿ ಓಡಲಿಲ್ಲ. ತಪ್ಪು ಮಾಡಿದವಳಂತೆ ಟೀಚರ ಹಿಂದೆ ಅವಿತಳು.

ಕಾರ್ತು ವಿಷಯ ಹೇಳಿದಳು. ಕುಟ್ಟನ್ ಮಗಳನ್ನು ನೋಡಿದ.

"ಹೇಳಿದ್ದು ಇವಳೇನಾ?"

"ಹೇಳಿದ್ದು ಅವಳು, ಹೇಳಿಸಿದ್ದು ನಾನು," ಎಂದಳು ಕುಸುಮಾವತಿ. ಬೆಳಿಗ್ಗೆ ಏಳದ ನಾಲಿಗೆ ಈಗ ಎದ್ದಿತ್ತು. "ನನ್ನ ಕೆಲಸ ಉಳಿಸ್ಕೊಳ್ಳೋಕೆ."

ಅವನು ಬುಟ್ಟಿ ಇಳಿಸಿದ. ಆಮೇಲೆ ಗೋಡೆಗೆ ಒರಗಿಸಿದ್ದ ಕತ್ತಿಯನ್ನೂ ಬಡಿದು ಸದ್ದು ಮಾಡಲು ಒಂದು ಖಾಲಿ ಡಬ್ಬವನ್ನೂ ತೆಗೆದುಕೊಂಡ.

"ಹಂಗಾದ್ರೆ ಟೀಚರು ಒಬ್ರೇ ಹೋಗ್ಬಾರ್ದು. ಅದು ಹುಡುಕೋದು ಈಗ ನಿಮ್ಮನ್ನ. ನಡೀರಿ, ಮನೆಗಂಟ ಬಿಡ್ತೀವಿ."

ಅವಳ ಕಣ್ಣು ತುಂಬಿತು. ಕುಟ್ಟನ್ ಮುಂದೆ, ಹಿಂದೆ ಅವಳು, ಅವಳ ಕೈ ಹಿಡಿದು ನೀಲಿ. ತಿರುವಿನಲ್ಲಿ ಪೊದೆ ಜೋರಾಗಿ ಅಲುಗಿತು. ಕುಟ್ಟನ್ ನಿಂತ. ಕುಸುಮಾವತಿಗೆ ಜೀವ ಬಾಯಿಗೆ ಬಂತು, ಆ ಹೆಸರೂ ಬಾಯಿಗೆ ಬಂತು.

ಅವಳು ತುಟಿ ಕಚ್ಚಿಕೊಂಡಳು. ನೀಲಿಯ ಕಡೆ ತಿರುಗಿ, ತೋಳನ್ನು ಮೂಗಿನ ಮುಂದೆ ಇಳಿಬಿಟ್ಟು ಅತ್ತಿತ್ತ ತೂಗಿದಳು.

ನೀಲಿ ಅದನ್ನು ನೋಡಿ, ಸರಿ ಎಂದು ತಲೆಯಾಡಿಸಿದಳು.